ಹಾಲು, ಸಕ್ಕರೆ ಇಲ್ಲದ ಚಹಾ: ಮನೆಯಲ್ಲೇ ರುಚಿಯನ್ನು ಗುರುತಿಸಿ ಬರೆದಿಡುವುದು ಹೇಗೆ?

ರಾಜಾಜಿನಗರ ಓದುಗ

ಎಲ್ಲರಿಗೂ ನಮಸ್ಕಾರ. ಕೆಲವು ಕಾಲದಿಂದ ಹಾಲು, ಸಕ್ಕರೆ ಬೆರೆಸದ ಚಹಾಗಳನ್ನು ಒಂದೊಂದಾಗಿ ತರಿಸಿ ಮನೆಯಲ್ಲಿ ಕುಡಿದು ನೋಡುತ್ತಿದ್ದೇನೆ. ಸದ್ಯಕ್ಕೆ ಕಪಾಟಿನಲ್ಲಿ ಜಪಾನಿನ ಸೆಂಚಾ, ಚೀನಾದ ಲೋಂಗ್‌ಜಿಂಗ್, ನೀಲಗಿರಿಯ ಒಂದು ಗ್ರೀನ್ ಟೀ, ಡಾರ್ಜಿಲಿಂಗ್‌ನ ಎರಡನೆಯ ಕೊಯ್ಲಿನ ಚಹಾ, ಪರಿಮಳ ಹಾಕಿದ ಕಪ್ಪು ಚಹಾ ಅರ್ಲ್ ಗ್ರೇ, ಮಲ್ಲಿಗೆಯ ಚಹಾ ಹಾಗೂ ಹೈಬಿಸ್ಕಸ್ ಎಂದು ಬರೆದ ಗಿಡಮೂಲಿಕೆಯ ಪೊಟ್ಟಣವೊಂದು ಇವೆ. ಕುಡಿದದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕೆಂಬುದು ನನ್ನ ಆಸೆ. ಆದರೆ ಬರೆಯಲು ಕುಳಿತರೆ ಗ್ರೀನ್ ಟೀಗಳೆಲ್ಲದರ ಮುಂದೆಯೂ 'ಕಹಿ' ಎಂಬುದೊಂದೇ ಪದ ಬೀಳುತ್ತದೆ. ಪೊಟ್ಟಣದ ಮೇಲಿನ ವರ್ಣನೆಯನ್ನೇ ಅನುಸರಿಸೋಣವೆಂದರೆ ಅಲ್ಲಿ ಚೆಸ್ಟ್‌ನಟ್ಟಿನ ಪರಿಮಳ, ಮಸ್ಕಟ್ ದ್ರಾಕ್ಷಿಯ ಸೊಗಡು ಎಂದೆಲ್ಲ ಇದೆ. ಚೆಸ್ಟ್‌ನಟ್ಟನ್ನು ನಾನು ತಿಂದವನೂ ಅಲ್ಲ, ಮೂಸಿದವನೂ ಅಲ್ಲ. ಪಳಗಿದ ನಾಲಿಗೆಯಿಲ್ಲದ ನನ್ನಂಥವರು ಮನೆಯಲ್ಲೇ ಚಹಾಗಳ ವ್ಯತ್ಯಾಸವನ್ನು ಗುರುತಿಸಿ, ಇನ್ನೊಬ್ಬರಿಗೆ ಅರ್ಥವಾಗುವಂತೆ ಬರೆಯುವ ಕ್ರಮವೇನಾದರೂ ಇದ್ದರೆ ತಿಳಿದವರು ದಯವಿಟ್ಟು ವಿವರಿಸಬೇಕು.

ಕೂನೂರು ವಾಸಿ

ನಾನು ಮೂಲತಃ ಗುಂಡ್ಲುಪೇಟೆ ಕಡೆಯವನು. ನೀಲಗಿರಿಯ ಚಹಾ ಕಾರ್ಖಾನೆಗಳಲ್ಲಿ ಬಹುಕಾಲ ಕೆಲಸ ಮಾಡಿ, ಈಗ ಕೂನೂರಿನಲ್ಲೇ ನೆಲೆಸಿದ್ದೇನೆ. ನಿಮ್ಮ ತೊಡಕಿಗೆ ನಾಲಿಗೆ ಕಾರಣವಲ್ಲ, ಒಂದು ಸಲಕ್ಕೆ ಒಂದೇ ಚಹಾ ಕುಡಿಯುವುದು ಕಾರಣ. ರುಚಿ ನೋಡುವುದನ್ನೇ ವೃತ್ತಿ ಮಾಡಿಕೊಂಡವರೂ ಒಂಟಿ ಬಟ್ಟಲಿನ ಮುಂದೆ ನಿಂತು ತೀರ್ಪು ಕೊಡುವುದು ಅಪರೂಪ. ಉದ್ದನೆಯ ಮೇಜಿನ ಮೇಲೆ ಬಿಳಿ ಪಿಂಗಾಣಿ ಬಟ್ಟಲುಗಳನ್ನು ಸಾಲಾಗಿಟ್ಟು, ಒಂದರಿಂದ ಇನ್ನೊಂದಕ್ಕೆ ಹೋಗುತ್ತಾ, ಪಕ್ಕದ್ದಕ್ಕಿಂತ ಇದು ಹೇಗೆ ಬೇರೆ ಎಂಬುದನ್ನಷ್ಟೇ ಅವರು ನೋಡುತ್ತಾರೆ. ನೀವೂ ಕನಿಷ್ಠ ಎರಡು ಬಟ್ಟಲುಗಳನ್ನು ಒಟ್ಟಿಗೆ ಇಟ್ಟುಕೊಳ್ಳಿ. ಎಲೆಯ ತೂಕ, ನೀರು, ಬಿಸಿ, ಹೊತ್ತು ಎಲ್ಲವೂ ಎರಡಕ್ಕೂ ಒಂದೇ ಇರಲಿ; ಬದಲಾಗುವುದು ಒಂದೇ ಒಂದು ಸಂಗತಿಯಾಗಿರಲಿ. ಇಂದು ಎಲೆಯನ್ನು ಬದಲಿಸಿದರೆ, ನಾಳೆ ಅದೇ ಎಲೆಯನ್ನಿಟ್ಟುಕೊಂಡು ನೀರಿನ ಬಿಸಿಯನ್ನು ಬದಲಿಸಿ.

ಅಳತೆಗೆ ಐಎಸ್‌ಒ 3103 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಅದು ಮೊದಲು ಪ್ರಕಟವಾದದ್ದು 1980ರಲ್ಲಿ. ಅದರ ಪ್ರಕಾರ 100 ಮಿಲಿಲೀಟರ್ ಕುದಿಯುವ ನೀರಿಗೆ 2 ಗ್ರಾಂ ಎಲೆ ಹಾಕಿ, ಮುಚ್ಚಳವಿರುವ ಪಿಂಗಾಣಿ ಪಾತ್ರೆಯಲ್ಲಿ 6 ನಿಮಿಷ ಇಡಬೇಕು. ಆದರೆ ಇದು ಸೊಗಸಾದ ಚಹಾ ಮಾಡುವ ವಿಧಾನವಲ್ಲ ಎಂಬುದನ್ನು ಮರೆಯಬಾರದು. ಎಲ್ಲ ಮಾದರಿಗಳನ್ನೂ ಒಂದೇ ಕಠಿಣ ಪರೀಕ್ಷೆಗೆ ಒಡ್ಡಿ, ಸೀದ ವಾಸನೆ, ಹಳಸು, ಹೊಗೆ ಮುಂತಾದ ದೋಷಗಳು ಅಡಗದಂತೆ ಮಾಡುವುದು ಅದರ ಉದ್ದೇಶ. ಮನೆಯಲ್ಲಿ ಗ್ರೀನ್ ಟೀಯನ್ನು ಹೀಗೆ ಮಾಡಿದರೆ ನಿಮ್ಮ ಪುಸ್ತಕದಲ್ಲಿ 'ಕಹಿ' ಬಿಟ್ಟು ಬೇರೇನೂ ಬರುವುದಿಲ್ಲ. 2 ಗ್ರಾಂ ಎಂಬ ಅಳತೆಯನ್ನು ಮಾತ್ರ ಅಲ್ಲಿಂದ ತೆಗೆದುಕೊಳ್ಳಿ. ಚಮಚವನ್ನು ನಂಬಬೇಡಿ: ಗುಂಡಗೆ ಸುತ್ತಿಕೊಂಡ ಎಲೆ ಒಂದು ಚಮಚಕ್ಕೆ ಎಷ್ಟು ತೂಗುತ್ತದೆಯೋ ಲೋಂಗ್‌ಜಿಂಗ್‌ನಂಥ ಚಪ್ಪಟೆ ಎಲೆ ಅದರ ಅರ್ಧವೂ ತೂಗದೆ ಇರಬಹುದು. ಸಣ್ಣ ಡಿಜಿಟಲ್ ತಕ್ಕಡಿಯೊಂದಿದ್ದರೆ ಸಾಕು.

ನೋಡುವ ಕ್ರಮ ಹೀಗಿರಲಿ. ಮೊದಲು ಒಣ ಎಲೆಯನ್ನು ಮೂಸಿ. ಬಳಿಕ ಸೋಸಿದ ಮೇಲೆ ಉಳಿದ ಒದ್ದೆ ಎಲೆಯನ್ನು, ಇನ್ನೂ ಹಬೆಯಾಡುತ್ತಿರುವಾಗಲೇ, ಮೂಗಿನ ಹತ್ತಿರ ಹಿಡಿಯಿರಿ. ಹೆಚ್ಚಿನವರು ಎಸೆದುಬಿಡುವ ಈ ಚರಟವೇ ಎಲ್ಲಕ್ಕಿಂತ ಹೆಚ್ಚು ಹೇಳುತ್ತದೆ. ಎಲೆ ಎಷ್ಟು ಇಡಿಯಾಗಿದೆ, ಸಮನಾಗಿ ಬಾಡಿದೆಯೇ, ಅಂಚು ಸುಟ್ಟಿದೆಯೇ ಎಂಬುದೂ ಅಲ್ಲಿಯೇ ಕಾಣುತ್ತದೆ. ನಂತರ ಬಿಳಿ ಬಟ್ಟಲಿನಲ್ಲಿ ಬಣ್ಣ ನೋಡಿ. ಕುಡಿಯುವುದಕ್ಕೆ ಆತುರ ಬೇಡ, ನಾಲಿಗೆ ಸುಡುವ ಬಿಸಿಯಲ್ಲಿ ರುಚಿ ಹತ್ತುವುದೇ ಇಲ್ಲ. ಒಂದು ಚಮಚದಷ್ಟನ್ನು ಗಾಳಿಯೊಡನೆ ಸುರ್ರೆಂದು ಎಳೆದುಕೊಳ್ಳಿ. ಶಬ್ದವಾದರೆ ಆಗಲಿ, ಪರಿಮಳವು ಗಂಟಲ ಹಿಂಬದಿಯಿಂದ ಮೂಗಿಗೆ ಏರುವುದು ಹಾಗೆ ಮಾಡಿದಾಗಲೇ. ನುಂಗಿದ ಮೇಲೆ ಅರ್ಧ ನಿಮಿಷ ಸುಮ್ಮನಿದ್ದು, ಬಾಯಲ್ಲಿ ಏನು ಉಳಿಯಿತೆಂದು ಗಮನಿಸಿ. ಕೊನೆಗೆ, ಪೂರ್ತಿ ತಣಿದ ಮೇಲೆ ಇನ್ನೊಂದು ಗುಟುಕು. ಬಿಸಿಯಲ್ಲಿ ಮರೆಯಾಗಿದ್ದ ಒಳ್ಳೆಯದೂ ಕೆಟ್ಟದ್ದೂ ಆಗ ಹೊರಬರುತ್ತವೆ.

ಹನುಮಂತನಗರ

ಚರ್ಚೆ ಚೆನ್ನಾಗಿದೆ. ಆದರೂ ಒಂದು ಲೋಟ ಚಹಾಕ್ಕೆ ತಕ್ಕಡಿ, ಗಡಿಯಾರ, ಪುಸ್ತಕಗಳೆಲ್ಲ ಬೇಕೇ ಎಂಬ ಅನುಮಾನ ನನಗಿದೆ. ಇಷ್ಟವಾದರೆ ಕುಡಿಯುವುದು, ಇಲ್ಲವಾದರೆ ಬಿಡುವುದು.

ಕೂನೂರು ವಾಸಿ

ಕುಡಿಯುವುದಕ್ಕೆ ಖಂಡಿತ ಬೇಕಿಲ್ಲ. ಕುಡಿದದ್ದನ್ನು ಬರೆದು, ಮುಂದಿನ ವರ್ಷ ಅದೇ ತೋಟದ ಚಹಾ ತರಿಸಿದಾಗ ಹೋಲಿಸಿ ನೋಡಬೇಕೆನ್ನುವವರಿಗೆ ಬೇಕು. ಪ್ರಶ್ನೆ ಕೇಳಿದವರು ಎರಡನೆಯ ಗುಂಪಿಗೆ ಸೇರಿದವರೆಂದು ತಿಳಿದು ಉತ್ತರಿಸಿದೆ.

ಧಾರವಾಡದ ಮೇಷ್ಟ್ರು

ರಸಾಯನಶಾಸ್ತ್ರ ಬೋಧಿಸಿದ ಅನುಭವದಿಂದ ಒಂದೆರಡು ಮಾತು ಸೇರಿಸುತ್ತೇನೆ. ಪ್ರಶ್ನೆ ಕೇಳಿದವರು 'ಕಹಿ' ಎಂದು ಬರೆಯುವಲ್ಲಿ ಬಹುಶಃ ಕಹಿ, ಒಗರು ಎರಡೂ ಬೆರೆತಿವೆ. ಇವುಗಳ ಹುಟ್ಟು ಬೇರೆ ಬೇರೆ. ಕಹಿ ನಾಲಿಗೆಯ ರುಚಿ. ಚಹಾದಲ್ಲಿ ಅದು ಕೆಫೀನ್‌ನಿಂದಲೂ ಕ್ಯಾಟೆಚಿನ್‌ಗಳಿಂದಲೂ ಬರುತ್ತದೆ. ಒಗರು ರುಚಿಗಿಂತ ಹೆಚ್ಚಾಗಿ ಸ್ಪರ್ಶ: ಕ್ಯಾಟೆಚಿನ್‌ಗಳೂ ಸೇರಿದಂತೆ ಎಲೆಯಲ್ಲಿರುವ ಪಾಲಿಫಿನಾಲ್ ಎಂಬ ಸಂಯುಕ್ತಗಳು ಜೊಲ್ಲಿನ ಪ್ರೋಟೀನ್‌ಗಳಿಗೆ ಅಂಟಿಕೊಂಡು ಬಾಯಿಯ ಜಾರುತನವನ್ನು ತೆಗೆದುಬಿಡುವುದರಿಂದ ಕೆನ್ನೆಯ ಒಳಭಾಗವೂ ಒಸಡೂ ಬಿಗಿದಂತಾಗುತ್ತವೆ. ಎಳೆ ಬಾಳೆಕಾಯಿಯನ್ನೋ ಹಸಿ ಅಡಿಕೆಯನ್ನೋ ಕಚ್ಚಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗುಟುಕಿನಿಂದ ಗುಟುಕಿಗೆ ಒಗರು ಹೆಚ್ಚುತ್ತಾ ಹೋಗುತ್ತದೆ ಎಂಬುದೂ ಅದರ ಒಂದು ಗುರುತು.

ಅನುಮಾನವಿದ್ದರೆ ಅಡುಗೆಮನೆಯಲ್ಲೇ ಪರೀಕ್ಷಿಸಬಹುದು. ಒಂದೇ ಚಹಾವನ್ನು ಮೂರು ಬಟ್ಟಲಿಗೆ ಹಾಕಿ. ಒಂದನ್ನು ಹಾಗೆಯೇ ಬಿಡಿ. ಎರಡನೆಯದಕ್ಕೆ ಉಪ್ಪಿನ ರುಚಿ ತಿಳಿಯದಷ್ಟು, ನಾಲ್ಕಾರು ಹರಳು ಮಾತ್ರ, ಪುಡಿ ಉಪ್ಪು ಹಾಕಿ ಕದಡಿ. ಮೂರನೆಯದಕ್ಕೆ ಒಂದೆರಡು ಚಮಚ ಹಾಲು ಹಾಕಿ. ಉಪ್ಪಿನಲ್ಲಿರುವ ಸೋಡಿಯಂ ಕಹಿಯನ್ನು ತಗ್ಗಿಸುತ್ತದೆ, ಆದರೆ ಬಾಯಿ ಬಿಗಿಯುವುದನ್ನು ತಡೆಯುವುದಿಲ್ಲ. ಹಾಲಿನ ಕೇಸೀನ್ ಎಂಬ ಪ್ರೋಟೀನ್ ಪಾಲಿಫಿನಾಲ್‌ಗಳನ್ನು ತಾನೇ ಹಿಡಿದುಕೊಳ್ಳುವುದರಿಂದ ಒಗರು ಇಳಿಯುತ್ತದೆ. ಉಪ್ಪು ಹಾಕಿದ್ದು ಹಿತವೆನಿಸಿದರೆ ನಿಮ್ಮ ಚಹಾದ ತೊಂದರೆ ಕಹಿ. ಹಾಲು ಹಾಕಿದ ಮೇಲಷ್ಟೇ ಸರಿಯೆನಿಸಿದರೆ ಅದು ಒಗರು.

ಇನ್ನೊಂದು ಪರೀಕ್ಷೆಯನ್ನು ಮಕ್ಕಳಿಂದಲೂ ಮಾಡಿಸಬಹುದು. ಮೂಗನ್ನು ಬೆರಳಿನಿಂದ ಬಿಗಿಯಾಗಿ ಹಿಡಿದು ಅರ್ಲ್ ಗ್ರೇ ಒಂದು ಗುಟುಕು ಕುಡಿದರೆ, ಸಾಧಾರಣ ಕಪ್ಪು ಚಹಾಕ್ಕೂ ಅದಕ್ಕೂ ವ್ಯತ್ಯಾಸವೇ ತಿಳಿಯದು. ಮೂಗು ಬಿಟ್ಟ ಕ್ಷಣ ಪರಿಮಳ ನುಗ್ಗಿ ಬರುತ್ತದೆ. ನಾವು ರುಚಿ ಎಂದು ಬರೆಯುವ ಹೆಚ್ಚಿನ ಭಾಗ ವಾಸನೆಯೇ ಆಗಿರುವುದರಿಂದ, ಪುಸ್ತಕದಲ್ಲಿ ನಾಲಿಗೆಗೆ ಹತ್ತಿದ್ದು, ಮೂಗಿಗೆ ಹತ್ತಿದ್ದು, ಬಾಯಿಯ ಸ್ಪರ್ಶ ಎಂದು ಮೂರು ಕಡೆ ಬರೆದರೆ ಗೊಂದಲ ಬಹಳ ಮಟ್ಟಿಗೆ ತಪ್ಪುತ್ತದೆ.

ರಾಜಾಜಿನಗರ ಓದುಗ

ಮೇಷ್ಟ್ರಿಗೆ ಧನ್ಯವಾದಗಳು. ನಿನ್ನೆ ಸೆಂಚಾ, ನೀಲಗಿರಿ ಗ್ರೀನ್ ಟೀ ಎರಡನ್ನೂ ನೀವು ಹೇಳಿದಂತೆ ಪರೀಕ್ಷಿಸಿದೆ. ನೀಲಗಿರಿಯದಕ್ಕೆ ಉಪ್ಪಿನಿಂದ ಏನೂ ಆಗಲಿಲ್ಲ, ಹಾಲಿನಿಂದ ಬಿಗಿತ ಹೋಯಿತು. ಸೆಂಚಾದಲ್ಲಿ ಮಾತ್ರ ಉಪ್ಪು ಹಾಕಿದ ಬಟ್ಟಲು ಬೇರೆಯದೇ ಪಾನೀಯದಂತಿತ್ತು; ಕಹಿ ಹಿಂದೆ ಸರಿದು ತಿಳಿಸಾರಿನಂಥ ಒಂದು ರುಚಿ ಮುಂದೆ ಬಂತು. ಇದು ನನ್ನ ಕಲ್ಪನೆಯೋ, ನಿಜವೋ?

ಶಿಜುವೊಕಾ ಕನ್ನಡಿಗ

ಅದು ನಿಜವೇ. ಉದ್ಯೋಗದ ನಿಮಿತ್ತ ಜಪಾನಿನ ಪ್ರಮುಖ ಚಹಾ ಪ್ರಾಂತವಾದ ಶಿಜುವೊಕಾದಲ್ಲಿ ವಾಸವಾಗಿದ್ದೇನೆ. ನಿಮಗೆ ತಿಳಿಸಾರಿನಂತೆ ತೋರಿದ್ದನ್ನು ಇಲ್ಲಿ ಉಮಾಮಿ ಎನ್ನುತ್ತಾರೆ. 1908ರಲ್ಲಿ ಕಿಕುನಾಯೆ ಇಕೆಡ ಎಂಬ ರಸಾಯನಶಾಸ್ತ್ರಜ್ಞರು ಕೊಂಬು ಎಂಬ ಕಡಲಕಳೆಯ ಸಾರಿನಲ್ಲಿರುವ ಗ್ಲುಟಮೇಟ್ ಈ ರುಚಿಗೆ ಕಾರಣವೆಂದು ತೋರಿಸಿ, ಅದಕ್ಕೆ ಆ ಹೆಸರಿಟ್ಟರು. ಹಸಿರು ಚಹಾದಲ್ಲಿ ಗ್ಲುಟಮೇಟ್ ಜೊತೆಗೆ ಥಿಯಾನಿನ್ ಎಂಬ ಅಮೈನೋ ಆಮ್ಲವೂ ಇದೆ. ಅದನ್ನು ಮೊದಲು ಬೇರ್ಪಡಿಸಿದ್ದು 1949-50ರ ಸುಮಾರಿಗೆ, ಗ್ಯೊಕುರೊ ಎಂಬ ಉತ್ತಮ ದರ್ಜೆಯ ಎಲೆಯಿಂದ. ಕೊಯ್ಲಿಗೆ ಮುಂಚೆ ಸುಮಾರು ಮೂರು ವಾರ ಗ್ಯೊಕುರೊ ಗಿಡಗಳಿಗೆ ನೆರಳು ಕಟ್ಟುತ್ತಾರೆ. ಬಿಸಿಲಿದ್ದರೆ ಥಿಯಾನಿನ್ ಕರಗಿ ಕ್ಯಾಟೆಚಿನ್ ಆಗುವುದು ಹೆಚ್ಚು. ನೆರಳಿನಲ್ಲಿ ಅದು ಎಲೆಯಲ್ಲೇ ಉಳಿಯುತ್ತದೆ. ಕರ್ನಾಟಕದ ಅಡುಗೆಮನೆಯಲ್ಲಿ ಇದಕ್ಕೆ ಹತ್ತಿರದ ಗುರುತು ಬೇಕೆಂದರೆ, ಉಪ್ಪು ಖಾರ ಹಾಕುವ ಮುಂಚಿನ ಅಣಬೆಯ ಸಾರನ್ನೋ ಚೆನ್ನಾಗಿ ಹಣ್ಣಾದ ಟೊಮೆಟೊ ಬೇಯಿಸಿದ ನೀರನ್ನೋ ಒಮ್ಮೆ ಚಮಚದಲ್ಲಿ ರುಚಿ ನೋಡಿ.

ಸೆಂಚಾ ಮತ್ತು ಲೋಂಗ್‌ಜಿಂಗ್ ಎರಡೂ ಹಸಿರು ಚಹಾಗಳೇ ಆದರೂ ಏಕೆ ಅಷ್ಟು ಬೇರೆ ಎಂಬುದು ತಯಾರಿಯಿಂದ ಗೊತ್ತಾಗುತ್ತದೆ. ಕಿತ್ತ ಎಲೆಯನ್ನು ಹಾಗೆಯೇ ಬಿಟ್ಟರೆ ಅದರೊಳಗಿನ ಕಿಣ್ವಗಳು ಅದನ್ನು ಕಪ್ಪಾಗಿಸುತ್ತವೆ. ಜಪಾನಿನಲ್ಲಿ ಎಲೆಯನ್ನು ಕೂಡಲೇ ಹಬೆಗೆ ಒಡ್ಡಿ ಕಿಣ್ವಗಳನ್ನು ನಿಲ್ಲಿಸುತ್ತಾರೆ. ಚೀನಾದ ಹಾಂಗ್‌ಝೌ ಸುತ್ತಲಿನ ಲೋಂಗ್‌ಜಿಂಗ್ ತಯಾರಕರು ಅದನ್ನು ಬಿಸಿ ಬಾಣಲೆಯಲ್ಲಿ ಅಂಗೈಯಿಂದ ಒತ್ತಿ ಒತ್ತಿ ಹುರಿಯುತ್ತಾರೆ; ಎಲೆ ಚಪ್ಪಟೆಯಾಗುವುದು ಅದರಿಂದಲೇ. ಹಬೆಯಲ್ಲಿ ಬೆಂದದ್ದು ಬೇಯಿಸಿದ ಸೊಪ್ಪಿನ, ಎಳೆ ಮೆಕ್ಕೆಜೋಳದ, ಸ್ವಲ್ಪ ಕಡಲಿನ ವಾಸನೆ ಕೊಡುತ್ತದೆ. ಹುರಿದದ್ದರಲ್ಲಿ ಪೊಟ್ಟಣ ಹೇಳುವ ಚೆಸ್ಟ್‌ನಟ್ ಬರುತ್ತದೆ. ಚೆಸ್ಟ್‌ನಟ್ ತಿನ್ನದಿದ್ದರೂ ಚಿಂತೆಯಿಲ್ಲ, ಕೆಂಡದಲ್ಲಿ ಸುಟ್ಟ ಹಲಸಿನ ಬೀಜದ ಸಿಪ್ಪೆ ಸುಲಿದಾಗ ಬರುವ ಹಿಟ್ಟುಹಿಟ್ಟಾದ ಸಿಹಿ ವಾಸನೆಯನ್ನು ನೆನಪಿಸಿಕೊಳ್ಳಿ. ಅದು ಬಹಳ ಹತ್ತಿರದ್ದು.

ಬಿಸಿಯ ವಿಚಾರ. ಅಮೈನೋ ಆಮ್ಲಗಳು ಸಾಧಾರಣ ಬಿಸಿಗೇ ನೀರಿಗೆ ಇಳಿಯುತ್ತವೆ, ಕ್ಯಾಟೆಚಿನ್ ಮತ್ತು ಕೆಫೀನ್ ಬಿಸಿ ಏರಿದಷ್ಟೂ ಹೆಚ್ಚಾಗಿ ಇಳಿಯುತ್ತವೆ. ಆದ್ದರಿಂದ ಗ್ಯೊಕುರೊಗೆ 50ರಿಂದ 60 ಡಿಗ್ರಿ, ಸೆಂಚಾಕ್ಕೆ 70ರಿಂದ 80 ಡಿಗ್ರಿ ಸಾಕು. ಇಲ್ಲಿನವರು ನೀರು ಆರಿಸಲೆಂದೇ ಬಾಯಿ ಅಗಲವಾದ ಒಂದು ಪಾತ್ರೆ ಇಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ಕಾಫಿ ಆರಿಸುವ ಲೋಟ, ಬಟ್ಟಲು ಅದೇ ಕೆಲಸ ಮಾಡುತ್ತವೆ. ಉಷ್ಣಮಾಪಕ ಇಲ್ಲದವರಿಗೆ ಲೆಕ್ಕವೊಂದಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ಕುದಿಯುವ ನೀರು ಮೂರು ಪಾಲು, 25 ಡಿಗ್ರಿಯ ಕುಡಿಯುವ ನೀರು ಒಂದು ಪಾಲು ಬೆರೆಸಿದರೆ 79 ಡಿಗ್ರಿ ಆಗುತ್ತದೆ. ಒಂದು ನಿಮಿಷ ನೆನೆಸಿ, ಕೊನೆಯ ಹನಿಯವರೆಗೂ ಬಸಿದುಬಿಡಿ. ಎಲೆಯ ಮೇಲೆ ನೀರು ನಿಂತರೆ ಎರಡನೆಯ ಸುತ್ತು ಕೆಡುತ್ತದೆ. ಎರಡನೆಯ ಸುತ್ತಿಗೆ ನೀರು ಇನ್ನಷ್ಟು ಬಿಸಿಯಿರಲಿ, ಹೊತ್ತು ಮಾತ್ರ ಕೆಲವೇ ಸೆಕೆಂಡು. ಒಂದೇ ಎಲೆಯ ಮೂರು ಸುತ್ತುಗಳಿಗೆ ಮೂರು ಸಾಲು ಬರೆದು ನೋಡಿ.

ಶಿರಸಿ ಸೀಮೆ

ಇಲ್ಲಿಯವರೆಗೆ ಗಿಡಮೂಲಿಕೆಗಳ ಮಾತೇ ಬರಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಕಡೆ ದಿನವೂ ಕಷಾಯ ಕುಡಿಯುವ ಮನೆಗಳಿಗೆ ಇದು ಹೊಸದಲ್ಲ, ಆದರೆ ಕೊತ್ತಂಬರಿ, ಜೀರಿಗೆ, ಮೆಂತ್ಯ, ಕಾಳುಮೆಣಸುಗಳನ್ನು ಒಟ್ಟಿಗೆ ಹುರಿದು ಪುಡಿ ಮಾಡಿ, ಹಾಲು ಬೆಲ್ಲ ಹಾಕಿ ಕುಡಿಯುವಾಗ ಒಂದೊಂದರ ರುಚಿಯನ್ನು ಯಾರೂ ಬಿಡಿಸಿ ನೋಡುವುದಿಲ್ಲ. ರುಚಿ ಕಲಿಯಬೇಕೆಂದರೆ ಮೊದಲು ಒಂಟಿ ಮೂಲಿಕೆಗಳನ್ನು ಕುಡಿಯಬೇಕು.

ಎಲೆ, ಹೂಗಳನ್ನು ಕುದಿಸಬಾರದು. ಬಿಸಿನೀರು ಹೊಯ್ದು ಮುಚ್ಚಿಡಬೇಕು. ಶುಂಠಿ, ಲಾವಂಚ, ಜೇಷ್ಠಮಧುವಿನಂಥ ಬೇರು, ಗೆಡ್ಡೆಗಳನ್ನು ಜಜ್ಜಿ ಕುದಿಸಿದರೇ ಸತ್ವ ಬಿಡುವುದು. ಮುಚ್ಚಳ ಏಕೆ ಬೇಕೆಂದು ನೋಡುವುದು ಸುಲಭ. ಮಜ್ಜಿಗೆಹುಲ್ಲನ್ನು ಕತ್ತರಿಸಿ ಲೋಟಕ್ಕೆ ಹಾಕಿ, ಬಿಸಿನೀರು ಹೊಯ್ದು, ಸ್ಟೀಲ್ ತಟ್ಟೆ ಮುಚ್ಚಿ. ಐದು ನಿಮಿಷದ ಮೇಲೆ ತಟ್ಟೆಯನ್ನು ಮಗುಚಿ, ಅದರ ಅಡಿಗೆ ಕಟ್ಟಿರುವ ಹನಿಗಳನ್ನು ಮೂಸಿ: ನಿಂಬೆಯ ವಾಸನೆ ಲೋಟದಲ್ಲಿರುವುದಕ್ಕಿಂತ ಅಲ್ಲಿ ಚುರುಕಾಗಿರುತ್ತದೆ. ಮುಚ್ಚದಿದ್ದರೆ ಅದೆಲ್ಲ ಹಬೆಯೊಡನೆ ಹೋಗುತ್ತಿತ್ತು. ಆ ಹನಿಗಳನ್ನು ಮತ್ತೆ ಲೋಟಕ್ಕೇ ಕೊಡವಿಬಿಡಿ.

ಪ್ರಶ್ನೆ ಕೇಳಿದವರ ಬಳಿಯಿರುವ ಹೈಬಿಸ್ಕಸ್ ಪೊಟ್ಟಣ ನಮ್ಮ ಅಂಗಳದ ದಾಸವಾಳದ್ದಲ್ಲ. ಅದು ಹೈಬಿಸ್ಕಸ್ ಸಬ್ದರಿಫ ಎಂಬ ಗಿಡದ ಕೆಂಪು ಪುಷ್ಪಪಾತ್ರೆ. ಉತ್ತರ ಕರ್ನಾಟಕದವರು ಪಲ್ಯ ಮಾಡುವ ಪುಂಡಿಯ ಬಳಗಕ್ಕೆ ಸೇರಿದ್ದು. ಪುಂಡಿಪಲ್ಯ ತಿಂದವರಿಗೆ ಆ ಹುಳಿಯ ಪರಿಚಯ ಇದ್ದೇ ಇರುತ್ತದೆ. ಅಂಗಳದ ದಾಸವಾಳದ ಎಸಳನ್ನು ನೆನೆಸಿದರೆ ಬಣ್ಣ ಬರುತ್ತದೆ, ಆ ಹುಳಿ ಬರುವುದಿಲ್ಲ.

ಬಣ್ಣದ ಬಗ್ಗೆಯೂ ಎಚ್ಚರವಿರಲಿ. ಶಂಖಪುಷ್ಪದ ನೀಲಿ ನೀರಿಗೆ ನಿಂಬೆರಸ ಹಿಂಡಿದರೆ ನೇರಳೆಯಾಗುವುದನ್ನು ನೋಡಿದವರು ಅದರ ರುಚಿಯನ್ನೂ ಬಹಳ ಹೊಗಳುತ್ತಾರೆ; ಕಣ್ಣು ಮುಚ್ಚಿ ಕುಡಿದರೆ ಹಸಿ ಅವರೆಕಾಳು ನೆನೆಸಿದ ನೀರಿನಂಥ ಸಪ್ಪೆ ರುಚಿ ಬಿಟ್ಟು ಹೆಚ್ಚೇನೂ ಸಿಗುವುದಿಲ್ಲ. ಮೂಲಿಕೆಗಳನ್ನು ಮೊದಲ ಸಲ ಸ್ಟೀಲ್ ಲೋಟದಲ್ಲಿ, ಬಣ್ಣ ಕಾಣದಂತೆ ಕುಡಿದು ಬರೆಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಸಕ್ಕರೆಯಿಲ್ಲವೆಂದು ಬರೆದಿದ್ದರೂ ಸಿಹಿಯಾಗಿರುವ ಮಿಶ್ರಣಗಳಲ್ಲಿ ಹಲವು ಸಲ ಜೇಷ್ಠಮಧು ಇರುತ್ತದೆ. ಅದರ ಸಿಹಿ ತಡವಾಗಿ ಬಂದು ಬಹಳ ಹೊತ್ತು ಗಂಟಲಲ್ಲಿ ನಿಲ್ಲುತ್ತದೆ. ರಕ್ತದೊತ್ತಡ ಇರುವವರು ಅಂಥ ಮಿಶ್ರಣವನ್ನು ದಿನವೂ ಕುಡಿಯಬಾರದು.

ಧಾರವಾಡದ ಮೇಷ್ಟ್ರು

ಒಂದು ಪೂರಕ ಸಂಗತಿ. ಪುದೀನದ ತಂಪು, ಶುಂಠಿ ಮೆಣಸುಗಳ ಖಾರ ಇವೆರಡೂ ನಾಲಿಗೆಯ ರುಚಿಯೂ ಅಲ್ಲ, ವಾಸನೆಯೂ ಅಲ್ಲ. ಮೆಂಥಾಲ್ ತಂಪನ್ನು ಗ್ರಹಿಸುವ ನರತುದಿಗಳನ್ನು, ಶುಂಠಿ ಮೆಣಸುಗಳ ಅಂಶಗಳು ಉರಿಯನ್ನು ಗ್ರಹಿಸುವ ನರತುದಿಗಳನ್ನು ಕೆಣಕುತ್ತವೆ. ಮೂಗು ಹಿಡಿದರೂ ಇವು ಹೋಗುವುದಿಲ್ಲ. ಪುಸ್ತಕದಲ್ಲಿ ಇವುಗಳನ್ನು ಸ್ಪರ್ಶದ ಕಡೆ ಬರೆಯಿರಿ.

ನಿರ್ವಾಹಕರು

ತೂಕ ಇಳಿಸುವುದು, ಸಕ್ಕರೆ ಕಾಯಿಲೆ ಇತ್ಯಾದಿಗಳ ಬಗ್ಗೆ ಬಂದ ಕೆಲವು ಪ್ರತಿಕ್ರಿಯೆಗಳನ್ನು ಆರೋಗ್ಯ ವಿಭಾಗಕ್ಕೆ ಸ್ಥಳಾಂತರಿಸಲಾಗಿದೆ. ಇಲ್ಲಿ ರುಚಿಯ ಚರ್ಚೆ ಮುಂದುವರಿಯಲಿ.

ಉಡುಪಿಯಿಂದ

ಮಲ್ಲಿಗೆಯ ಚಹಾವನ್ನು ಮನೆಯಲ್ಲೇ ಮಾಡಬಹುದೇ? ನಮ್ಮಲ್ಲಿ ಮಲ್ಲಿಗೆಗೆ ಬರವಿಲ್ಲ. ಅಂಗಡಿಯಲ್ಲಿ ಸಿಗುವ ಮಲ್ಲಿಗೆ ಚಹಾ ಕೆಲವೊಮ್ಮೆ ಅತ್ತರಿನಂತೆ ಮೂಗಿಗೆ ಹೊಡೆಯುತ್ತದೆ.

ಕೂನೂರು ವಾಸಿ

ಪರಿಮಳ ಎರಡು ಬಗೆಯಲ್ಲಿ ಬರುತ್ತದೆ: ಹೂವಿನ ಜೊತೆಯಲ್ಲಿಟ್ಟು ಎಲೆಗೆ ಹಿಡಿಸಿದ್ದು ಒಂದು, ಎಣ್ಣೆ ಅಥವಾ ಸುಗಂಧದ್ರವ್ಯವನ್ನು ಸಿಂಪಡಿಸಿದ್ದು ಇನ್ನೊಂದು. ಎರಡನೆಯದು ಕೀಳೆಂದು ಹೇಳುವಂತಿಲ್ಲ. ಅರ್ಲ್ ಗ್ರೇ ಎಂದರೆ ಬರ್ಗಮಾಟ್ ಎಣ್ಣೆ ಹಾಕಿದ ಕಪ್ಪು ಚಹಾ. ಇಟಲಿಯ ಕಲಾಬ್ರಿಯದಲ್ಲಿ ಬೆಳೆಯುವ ಆ ಹಣ್ಣಿನ ಸಿಪ್ಪೆಯ ವಾಸನೆ ನಿಂಬೆಗಿಂತ ಹೇರಳೆಕಾಯಿಯ ಸಿಪ್ಪೆಯನ್ನು ಉಗುರಿನಿಂದ ಗೀರಿದಾಗಿನದಕ್ಕೆ ಹತ್ತಿರ. ತಿಳಿಯಬೇಕಾದದ್ದು ಆ ಪರಿಮಳದ ಅಡಿಯಲ್ಲಿ ಎಂಥ ಚಹಾ ಇದೆ ಎಂಬುದು. ಅದಕ್ಕೆ ಅದೇ ಎಲೆಗೆ ಎರಡನೆಯ ಸಲ ನೀರು ಹಾಕಿ. ಮೇಲೆ ಹಚ್ಚಿದ ಪರಿಮಳದ ಹೆಚ್ಚಿನ ಭಾಗ ಮೊದಲ ಸುತ್ತಿನಲ್ಲೇ ತೀರಿಹೋಗಿ, ಎರಡನೆಯದರಲ್ಲಿ ಬುನಾದಿಯ ಚಹಾ ಬಯಲಾಗುತ್ತದೆ.

ಚೀನಾದ ಫುಝೌ ಕಡೆ ಮಲ್ಲಿಗೆ ಚಹಾಕ್ಕೆ ಬಳಸುವ ಜಾಸ್ಮಿನಂ ಸಂಬಕ್ ಜಾತಿಯೇ ನಿಮ್ಮ ಉಡುಪಿ ಮಲ್ಲಿಗೆಯದೂ. ಆದ್ದರಿಂದ ಮನೆಯಲ್ಲಿ ಪ್ರಯತ್ನಿಸಲು ನಿಮಗಿಂತ ಅನುಕೂಲ ಯಾರಿಗೂ ಇಲ್ಲ. ಮಾರುಕಟ್ಟೆಯ ಹೂವಿಗೆ ಔಷಧಿ ಹೊಡೆದಿರುವ ಸಂಭವವಿರುವುದರಿಂದ ಮನೆಯ ಗಿಡದ ಹೂವೇ ಆಗಬೇಕು. ಮಧ್ಯಾಹ್ನ ಕಿತ್ತ ಮೊಗ್ಗು ಸಂಜೆ ಬಿರಿಯಲು ತೊಡಗಿದಾಗ, ಸಾಧಾರಣ ಗ್ರೀನ್ ಟೀ ಎಲೆಯ ಪದರದ ಮೇಲೆ ಹೂವಿನ ಪದರ ಹರಡಿ ಮುಚ್ಚಿಡಿ. ಬೆಳಿಗ್ಗೆ ಬಾಡಿದ ಹೂಗಳನ್ನೆಲ್ಲ ಆರಿಸಿ ತೆಗೆಯಿರಿ. ರಾತ್ರಿಯಿಡೀ ಎಲೆ ಪರಿಮಳದ ಜೊತೆ ಹೂವಿನ ತೇವವನ್ನೂ ಹೀರಿರುತ್ತದೆ. ಅದನ್ನು ತೀರ ಸಣ್ಣ ಬಿಸಿಯಲ್ಲಿ ಗರಿಗರಿಯಾಗುವಂತೆ ಒಣಗಿಸದಿದ್ದರೆ ಬೂಷ್ಟು ಬರುತ್ತದೆ. ಒಣಗಿದ ಮೇಲೆ ಹೊಸ ಹೂವಿನಿಂದ ಇದನ್ನೇ ಮತ್ತೆ ಮಾಡಬೇಕು. ಒಳ್ಳೆಯ ಚಹಾಕ್ಕೆ ಹೀಗೆ ಹಲವು ರಾತ್ರಿ ಪರಿಮಳ ಹಿಡಿಸುತ್ತಾರೆ. ಪೊಟ್ಟಣದಲ್ಲಿ ಅಂದಕ್ಕೆ ಉಳಿಸಿರುವ ಒಣ ಎಸಳುಗಳಿಂದ ಹೆಚ್ಚಿನ ಪರಿಮಳವೇನೂ ಬರುವುದಿಲ್ಲ.

ವೈಟ್‌ಫೀಲ್ಡ್ ನಿವಾಸಿ

ನೀರಿನ ಬಗ್ಗೆ ಯಾರೂ ಬರೆಯದಿರುವುದು ಆಶ್ಚರ್ಯ. ನಮ್ಮ ಕಡೆಯ ಬೋರ್‌ವೆಲ್ ನೀರಿನಲ್ಲಿ ಚಹಾ ಮಾಡಿದರೆ ಬಣ್ಣ ಮಂಕಾಗಿ, ಮೇಲೆ ತೆಳುವಾದ ಪೊರೆ ಕಟ್ಟಿ, ಚಮಚದಿಂದ ಕದಡಿದಾಗ ಒಡೆದ ಗಾಜಿನ ಚೂರುಗಳಂತೆ ತೇಲುತ್ತದೆ. ಆರ್‌ಒ ನೀರಿನಲ್ಲಿ ಪೊರೆಯಿಲ್ಲ, ಆದರೆ ಡಾರ್ಜಿಲಿಂಗ್ ಚಹಾ ಚುರುಕಾಗಿದ್ದರೂ ತೆಳುವೆನಿಸುತ್ತದೆ. ಕಾವೇರಿ ನಲ್ಲಿ ನೀರು ಬರುವ ನೆಂಟರ ಮನೆಯಿಂದ ಒಂದು ಬಾಟಲಿ ತಂದು ಮೂರನ್ನೂ ಒಟ್ಟಿಗೆ ನೋಡಿದಾಗ, ಎಲೆಗಳ ನಡುವಿನ ವ್ಯತ್ಯಾಸಕ್ಕಿಂತ ನೀರುಗಳ ನಡುವಿನ ವ್ಯತ್ಯಾಸವೇ ದೊಡ್ಡದೆನಿಸಿತು.

ಧಾರವಾಡದ ಮೇಷ್ಟ್ರು

ಆ ಪೊರೆಗೆ ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಕಾರಣ. ಅವುಗಳ ನೆರವಿನಿಂದ ಪಾಲಿಫಿನಾಲ್‌ಗಳು ಮೇಲ್ಮೈಯಲ್ಲಿ ಗಾಳಿಯೊಡನೆ ಸೇರಿ ಪೊರೆ ಕಟ್ಟುತ್ತವೆ. ಒಂದೆರಡು ಹನಿ ನಿಂಬೆರಸ ಹಾಕಿದರೆ ಪೊರೆ ಕರಗುವುದನ್ನೂ ಬಣ್ಣ ತಿಳಿಯಾಗುವುದನ್ನೂ ಕಾಣಬಹುದು. ಹೋಲಿಕೆಗೆ ಯಾವುದಾದರೂ ಒಂದೇ ನೀರನ್ನು ಗೊತ್ತುಮಾಡಿಕೊಂಡು, ಅದರ ಹೆಸರನ್ನೂ ಪುಸ್ತಕದಲ್ಲಿ ಬರೆಯುವುದು ಸೂಕ್ತ.

ರಾಜಾಜಿನಗರ ಓದುಗ

ಎಲ್ಲರ ಸಲಹೆಯನ್ನೂ ಅನುಸರಿಸಿ ಬರೆದ ಎರಡು ಟಿಪ್ಪಣಿಗಳನ್ನು ಇಲ್ಲಿ ಹಾಕುತ್ತಿದ್ದೇನೆ. ನಿಷ್ಠುರವಾಗಿ ಹೇಳಿ.

ಲೋಂಗ್‌ಜಿಂಗ್, 2 ಗ್ರಾಂ, 100 ಮಿಲಿ ಕಾವೇರಿ ನೀರು, 79 ಡಿಗ್ರಿ, 2 ನಿಮಿಷ. ಒಣ ಎಲೆ ಹುರಿಗಡಲೆಯ ವಾಸನೆ. ಒದ್ದೆ ಎಲೆ ಸುಟ್ಟ ಹಲಸಿನ ಬೀಜ, ಅದರ ಹಿಂದೆ ಎಳೆ ಹುರುಳಿಕಾಯಿ. ಬಣ್ಣ ತಿಳಿ ಹಳದಿ. ನಾಲಿಗೆಗೆ ಮೊದಲು ಸಿಹಿ, ಕಹಿ ಅತ್ಯಲ್ಪ. ಒಗರು ಕೆನ್ನೆಯಲ್ಲಿಲ್ಲ, ನಾಲಿಗೆಯ ತುದಿಯಲ್ಲಿ ಮಾತ್ರ. ನುಂಗಿದ ಮೇಲೆ ಸ್ವಲ್ಪ ಹೊತ್ತಿನಲ್ಲಿ, ನೆಲ್ಲಿಕಾಯಿ ತಿಂದು ನೀರು ಕುಡಿದಾಗ ಬರುವಂಥ ಸಿಹಿ.

ಡಾರ್ಜಿಲಿಂಗ್ ಎರಡನೆಯ ಕೊಯ್ಲು, 2 ಗ್ರಾಂ, ಅದೇ ನೀರು, ಕುದಿಯುವಾಗಲೇ, 3 ನಿಮಿಷ. ಒದ್ದೆ ಎಲೆ ಹಣ್ಣಿನ ವಾಸನೆ. ಬಣ್ಣ ತಾಮ್ರ. ಒಗರು ಸ್ಪಷ್ಟ, ಹಿತ. ತುಂಬ ಚೆನ್ನಾಗಿದೆ.

ಕೂನೂರು ವಾಸಿ

ಮೊದಲನೆಯ ಟಿಪ್ಪಣಿಯನ್ನು ಓದಿ ಆ ಚಹಾವನ್ನು ಇನ್ನೊಬ್ಬರು ಗುರುತಿಸಬಲ್ಲರು. ನೆಲ್ಲಿಕಾಯಿಯ ಗುರುತು ಬಹಳ ಸರಿಯಾದದ್ದು. ನುಂಗಿದ ಮೇಲೆ ಮರಳಿ ಬರುವ ಆ ಸಿಹಿಯನ್ನು ಚೀನೀಯರು ಒಳ್ಳೆಯ ಚಹಾದ ಲಕ್ಷಣವೆಂದು ಎಣಿಸುತ್ತಾರೆ. ಎರಡನೆಯದು ಸಾಲದು. 'ಹಣ್ಣಿನ ವಾಸನೆ' ಎಂದರೆ ಬಾಳೆಯೋ, ಹಲಸೋ, ನೇರಳೆಯೋ? 'ತುಂಬ ಚೆನ್ನಾಗಿದೆ' ಎಂಬುದು ನಿಮ್ಮ ಸಂತೋಷವನ್ನು ಹೇಳುತ್ತದೆ, ಚಹಾದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಪೊಟ್ಟಣ ಹೇಳುವ ಮಸ್ಕಟ್ ದ್ರಾಕ್ಷಿಯ ಸೊಗಡಿನ, ಅಂದರೆ ಮಸ್ಕಟೆಲ್ ಎಂಬುದರ ಜಾಡು ಹಿಡಿಯಬೇಕಾದರೆ ಬೆಂಗಳೂರು ನೀಲಿ ದ್ರಾಕ್ಷಿಯನ್ನು ಮೂಸಿ ನೋಡಬೇಡಿ, ಅದರ ಸೊಗಡೇ ಬೇರೆ. ತಮಿಳುನಾಡಿನ ಕಂಬಂ ಕಣಿವೆಯಿಂದ ಬರುವ ಪನ್ನೀರ್ ದ್ರಾಕ್ಷಿ ಮಸ್ಕಟ್ ಹ್ಯಾಂಬರ್ಗ್ ತಳಿಯದು. ಅದನ್ನು ಸಿಪ್ಪೆಸಹಿತ ಅಗಿದು, ಒಂದು ಲೋಟ ನೀರು ಕುಡಿದು, ಆಮೇಲೆ ನಿಮ್ಮ ಡಾರ್ಜಿಲಿಂಗ್ ಚಹಾ ಕುಡಿಯಿರಿ. ಎರಡನೆಯ ಕೊಯ್ಲಿನ ಹೊತ್ತಿಗೆ ಚಿಗುರಿನ ರಸ ಹೀರುವ ಪುಟ್ಟ ಜಿಗಿಹುಳುಗಳ ಕಡಿತಕ್ಕೆ ಗಿಡ ತೋರುವ ಪ್ರತಿಕ್ರಿಯೆಯೂ ಈ ಪರಿಮಳಕ್ಕೆ ಒಂದು ಕಾರಣ. ತೈವಾನಿನ ಓರಿಯಂಟಲ್ ಬ್ಯೂಟಿ ಎಂಬ, ಹಸಿರಿಗೂ ಕಪ್ಪಿಗೂ ನಡುವಿನ ಊಲಾಂಗ್ ಬಗೆಯ ಚಹಾದಲ್ಲೂ ಇದೇ ನಡೆಯುತ್ತದೆ.

ಹನುಮಂತನಗರ

ಮತ್ತೆ ನಾನೇ. ಸುಟ್ಟ ಹಲಸಿನ ಬೀಜವೆಂದು ಓದಿದ ಮೇಲೆ ಎಲ್ಲರಿಗೂ ಸುಟ್ಟ ಹಲಸಿನ ಬೀಜವೇ ಕಾಣುತ್ತದೆ. ಹೇಳಿಕೊಟ್ಟದ್ದನ್ನು ಬಿಟ್ಟು ನಾಲಿಗೆ ತಾನಾಗಿ ಕಂಡದ್ದು ಯಾವುದೆಂದು ತಿಳಿಯುವುದು ಹೇಗೆ?

ಧಾರವಾಡದ ಮೇಷ್ಟ್ರು

ಇದು ಈ ಚರ್ಚೆಯಲ್ಲಿ ಕೇಳಲೇಬೇಕಾಗಿದ್ದ ಪ್ರಶ್ನೆ. ಅದಕ್ಕೆ ಮೂರು ಲೋಟದ ಪರೀಕ್ಷೆ ಇದೆ. ಮನೆಯವರೊಬ್ಬರು ನಿಮಗೆ ಕಾಣದಂತೆ ಎರಡು ಲೋಟಕ್ಕೆ ಒಂದು ಚಹಾ, ಮೂರನೆಯದಕ್ಕೆ ಇನ್ನೊಂದು ಚಹಾ ಹಾಕಿ, ಲೋಟಗಳ ಅಡಿಯಲ್ಲಿ ಗುರುತು ಮಾಡಿ, ಅದಲು ಬದಲು ಮಾಡಿ ಕೊಡಬೇಕು. ಬೇರೆಯದು ಯಾವುದೆಂದು ನೀವು ಹೇಳಬೇಕು, ಹೆಸರು ಹೇಳಬೇಕಾಗಿಲ್ಲ. ಒಂದು ಸಲ ಸುಮ್ಮನೆ ಊಹಿಸಿದರೂ ಸರಿಯಾಗುವ ಸಾಧ್ಯತೆ ಮೂರರಲ್ಲಿ ಒಂದು. ಸತತ ಮೂರು ಸಲ ಬರೀ ಊಹೆಯಿಂದ ಸರಿಯಾಗುವ ಸಾಧ್ಯತೆ 27ರಲ್ಲಿ ಒಂದು. ಮೂರು ಸಲವೂ ಗುರುತಿಸಿದರೆ ವ್ಯತ್ಯಾಸ ಇದೆ ಎಂದು ಧಾರಾಳವಾಗಿ ನಂಬಬಹುದು, ಆಮೇಲೆ ಅದನ್ನು ವರ್ಣಿಸಲು ತೊಡಗಬಹುದು. ನಡುನಡುವೆ ಉಗುರುಬೆಚ್ಚಗಿನ ನೀರು, ಒಗ್ಗರಣೆ ಹಾಕದ ಒಂದು ಹಿಡಿ ಮಂಡಕ್ಕಿ ಇರಲಿ.

ಹನುಮಂತನಗರ

ಮನೆಯಲ್ಲಿದ್ದ ಎರಡು ಗ್ರೀನ್ ಟೀ ಪೊಟ್ಟಣಗಳಿಂದ ಮಾಡಿ ನೋಡಿದೆವು. ಒಂದರ ಬೆಲೆ ಇನ್ನೊಂದರ ದುಪ್ಪಟ್ಟು. ನನಗೂ ನನ್ನ ಮಗಳಿಗೂ ಮೂರು ಸಲದಲ್ಲಿ ಒಂದೊಂದೇ ಸಲ ಸರಿಯಾಯಿತು. ದುಬಾರಿಯದನ್ನು ಇನ್ನು ಮುಂದೆ ತರಿಸುವುದಿಲ್ಲ.

ಶಿಜುವೊಕಾ ಕನ್ನಡಿಗ

ಎರಡನ್ನೂ ಕುದಿಯುವ ನೀರಿನಲ್ಲಿ ಮಾಡಿದ್ದಿರೇನು? ಹಾಗಿದ್ದರೆ 79 ಡಿಗ್ರಿಯಲ್ಲಿ ಇನ್ನೊಮ್ಮೆ ನೋಡಿ, ಆಮೇಲೆ ಅಗ್ಗದ್ದನ್ನೇ ತರಿಸಲು ನನ್ನ ಅಭ್ಯಂತರವಿಲ್ಲ.

ರಾಜಾಜಿನಗರ ಓದುಗ

ಮುಂದಿನ ತಿಂಗಳಿಗೆ ಮೂರು ಚಹಾ ಮಾತ್ರ ಕೊಳ್ಳುವುದಾದರೆ ಯಾವುವನ್ನು ಕೊಳ್ಳಲಿ?

ಕೂನೂರು ವಾಸಿ

ಹೊಸ ಹೊಸ ಪರಿಮಳಗಳನ್ನು ಬೆನ್ನಟ್ಟುವ ಬದಲು ಒಂದೇ ಮೂಲದ ಮೂರು ರೂಪಗಳನ್ನು ಹೋಲಿಸಿ ನೋಡಿ. ನಿಮ್ಮಲ್ಲಿ ಸೆಂಚಾ ಇದೆಯಾದ್ದರಿಂದ ಅದರ ಪಕ್ಕಕ್ಕೆ ಹುರಿದ ಹೊಜಿಚಾ, ಹುರಿದ ಅಕ್ಕಿ ಬೆರೆಸಿದ ಗೆನ್‌ಮೈಚಾ ಎರಡನ್ನೂ ತನ್ನಿ. ಬೆಂಕಿ ಮತ್ತು ಅಕ್ಕಿ ಹಸಿರು ಎಲೆಗೆ ಏನು ಮಾಡುತ್ತವೆ ಎಂಬುದು ಒಂದೇ ಸಂಜೆಯಲ್ಲಿ ತಿಳಿಯುತ್ತದೆ. ಮೂರನೆಯದಾಗಿ ನಮ್ಮ ನೀಲಗಿರಿಯ ಚಳಿಗಾಲದ ಎಲೆ. ಡಿಸೆಂಬರ್, ಜನವರಿಯ ಚಳಿಗೆ ಗಿಡ ನಿಧಾನವಾಗಿ ಚಿಗುರುವುದರಿಂದ ಆಗಿನ ಚಹಾದ ಪರಿಮಳ ವರ್ಷದ ಉಳಿದ ಕಾಲದ್ದಕ್ಕಿಂತ ಹೆಚ್ಚು. ಯಾವುದನ್ನೂ 50 ಗ್ರಾಂಗಿಂತ ಹೆಚ್ಚು ತರಿಸಬೇಡಿ, ತಂದದ್ದನ್ನು ಗಾಳಿಯಾಡದ ತಗಡಿನ ಡಬ್ಬಿಯಲ್ಲಿಡಿ. ಆ ಡಬ್ಬಿ ಸಾಂಬಾರಪುಡಿ, ಇಂಗು ಇರುವ ಕಪಾಟಿನಲ್ಲಿ ಮಾತ್ರ ಬೇಡ.